ಸುಮ್ಮನೆ ನಡೆದ ದಾರಿ

ಬೆಳಗಿನ ವಾಯುಸೇವನೆಯ ಬಗೆಗೆ ನಮ್ಮಲ್ಲಿ ಉಪದೇಶಕ್ಕೇನೂ ಬರಗಾಲವಿಲ್ಲ. ವೈದ್ಯರು ಹೇಳುತ್ತಾರೆ, ವಿಮೆಯ ಏಜೆಂಟರು ಹೇಳುತ್ತಾರೆ, ನಿವೃತ್ತರಾದ ನೆಂಟರಂತೂ ಕಂಡಲ್ಲಿ ಹಿಡಿದು ನಿಲ್ಲಿಸಿ ಹೇಳುತ್ತಾರೆ. ಸಕ್ಕರೆ ಕಾಯಿಲೆಗೆ ಇಷ್ಟು ನಿಮಿಷ, ರಕ್ತದೊತ್ತಡಕ್ಕೆ ಇಷ್ಟು, ಮೊಣಕಾಲು ನೋವಿದ್ದರೆ ಇಷ್ಟೇ ಎಂದು ಅಳೆದು ಕೊಡುತ್ತಾರೆ. ಅವರ ಮಾತು ಸುಳ್ಳೆಂದು ನಾನು ಹೇಳಲಾರೆ. ಆ ಮಾತಿನಂತೆ ನಡೆದು ಗುಣ ಕಂಡವರು ನಮ್ಮ ಓಣಿಯಲ್ಲೇ ನಾಲ್ಕಾರು ಜನ ಇದ್ದಾರೆ. ಆದರೆ ನಾನಿಲ್ಲಿ ಬರೆಯಬೇಕೆಂದಿರುವುದು ಆ ಔಷಧದ ನಡಿಗೆಯ ವಿಷಯವನ್ನಲ್ಲ. ಮುಂಚೆ ಯೋಚಿಸದೆ, ಎಲ್ಲಿಗೆಂದು ಗೊತ್ತಿಲ್ಲದೆ, ಒಂದು ಮುಂಜಾನೆ ಕಾಲು ತಾನಾಗಿಯೇ ಊರ ಹೊರಗೆ ಹೊರಟುಬಿಡುತ್ತದಲ್ಲ, ಅದರ ವಿಷಯವನ್ನು. ಅಂಥ ನಡಿಗೆ ನಡೆದ ದಿನ ಕೆಲಸ ಎಷ್ಟೇ ಇರಲಿ, ಹೆಗಲಿಗೆ ಹಗುರಾಗಿ ಕೂಡುತ್ತದೆ. ಇದು ಅನೇಕರ ಅನುಭವ. ಹೀಗೇಕೆ ಆಗುತ್ತದೆ? ಆಗುವುದು ನಿಸರ್ಗದಿಂದಲೋ, ನಮ್ಮಿಂದಲೋ? ಇನ್ನೂ ಒಂದು, ಕೇಳಿಕೊಳ್ಳಲು ಸ್ವಲ್ಪ ಮುಜುಗರವಾಗುವ ಪ್ರಶ್ನೆ: ಅದೇ ದಾರಿಯಲ್ಲಿ ಅದೇ ಹೊತ್ತಿಗೆ ಹೊಟ್ಟೆಯ ಸಲುವಾಗಿ ಓಡುವ ಜನ ಇರುವಾಗ, ನನಗೆ ಆ ಸುಖದ ಹಕ್ಕು ಎಲ್ಲಿಂದ ಬಂತು?

ಇಂಥ ಪ್ರಶ್ನೆ ಲೆಕ್ಕ ತಪಾಸಣೆಯವನ ತಲೆಯಲ್ಲಿ ಹುಟ್ಟಿದ್ದೇ ಒಂದು ವಿಚಿತ್ರ. ಸಹಕಾರಿ ಸಂಘಗಳ ರೋಜುಕೀರ್ದಿ, ಖಾತೆ ಪುಸ್ತಕ, ವೋಚರುಗಳ ನಡುವೆ ನನ್ನ ಆಯುಷ್ಯದ ಇಪ್ಪತ್ತೆರಡು ವರ್ಷಗಳು ಕಳೆದಿವೆ. ಈಗ ಪುಸ್ತಕಗಳ ಜಾಗದಲ್ಲಿ ಗಣಕಯಂತ್ರ ಬಂದು ಕೂತಿದೆ. ತಪ್ಪು ಬರೆಯುವ ಮನುಷ್ಯ ಮಾತ್ರ ಬದಲಾಗಿಲ್ಲವಾದ್ದರಿಂದ ನಮ್ಮ ಅನ್ನಕ್ಕೆ ಕಲ್ಲು ಬಿದ್ದಿಲ್ಲ. ಒಂದು ಡಿಸೆಂಬರಿನಲ್ಲಿ ಬೆಳಗಾವಿ ಜಿಲ್ಲೆಯ ಮೂರು ತಾಲೂಕುಗಳ ಕೆಲಸ ಒಂದೇ ವಾರದಲ್ಲಿ ನನ್ನ ಪಾಲಿಗೆ ಬಂತು. ಎರಡು ದಿನ ಗೋಕಾಕ, ಎರಡು ದಿನ ಮೂಡಲಗಿ, ಉಳಿದದ್ದು ಹುಕ್ಕೇರಿ. ಹಳಬರು ಗೋಕಾವಿ ಎಂದು ಕರೆಯುವ ಗೋಕಾಕದ ಹೆಸರು ಕರದಂಟಿನ ಡಬ್ಬಿಯ ಮೇಲೆ ಕುಳಿತು ದೇಶವನ್ನೆಲ್ಲ ಸುತ್ತಿದೆ. ಈಚಿನ ವರ್ಷಗಳಲ್ಲಿ ಅದರಿಂದ ಬೇರೆಯಾಗಿ ತಾನೂ ತಾಲೂಕಾದ ಮೂಡಲಗಿಗೆ ಅಂಥ ಹೆಸರಿಲ್ಲ. ಕಬ್ಬು, ಗೋವಿನಜೋಳ, ಅರಿಸಿನಗಳ ನಡುವೆ ತನ್ನ ಪಾಡಿಗೆ ತಾನಿದೆ. ಹೆಸರಿನೊಳಗೇ ಮೂಡಲನ್ನು ಇಟ್ಟುಕೊಂಡ ಊರಿನಲ್ಲಿ ಮುಂಜಾನೆ ಚೆನ್ನಾಗಿರಲೇಬೇಕು ಎಂದು ನಾನು ತಮಾಷೆಗೆ ಅಂದುಕೊಂಡಿದ್ದುಂಟು. ಶಬ್ದಶಾಸ್ತ್ರಜ್ಞರು ಇದನ್ನು ಗಂಭೀರವಾಗಿ ತೆಗೆದುಕೊಳ್ಳಬಾರದು.

ಮೂಡಲಗಿಯ ಎರಡನೆಯ ದಿನದ ಮುಂಜಾನೆ. ಹಿಂದಿನ ರಾತ್ರಿ ಹನ್ನೊಂದರವರೆಗೆ ಒಂದು ಪತ್ತಿನ ಸಂಘದ ಸಾಲದ ಯಾದಿಯೊಂದಿಗೆ ಗುದ್ದಾಡಿ ಮಲಗಿದ್ದೆ. ಯಾದಿಯ ಮೊತ್ತಕ್ಕೂ ಖಾತೆಯ ಮೊತ್ತಕ್ಕೂ ತಾಳೆ ಬರುತ್ತಿರಲಿಲ್ಲ. ಐದೂವರೆಗೆ ಎಚ್ಚರವಾದಾಗ ತಲೆಯಲ್ಲಿ ಮೊದಲು ಎದ್ದದ್ದು ಆ ವ್ಯತ್ಯಾಸದ ಅಂಕಿಯೇ. ನಾನು ಎದ್ದದ್ದು ಆಮೇಲೆ. ಒಂದು ಕಪ್ಪು ಚಹಾ ಕುಡಿದು ಮತ್ತೆ ಕಾಗದಗಳ ಮುಂದೆ ಕೂಡುವುದೆಂದು ಕೆಳಗಿಳಿದೆ. ಚಹಾದ ಅಂಗಡಿಯವನು ಒಲೆ ಹಚ್ಚಿದ್ದ, ನೀರು ಕುದಿಯುತ್ತಿತ್ತು, ಹಾಲು ಮಾತ್ರ ಬಂದಿರಲಿಲ್ಲ.

“ಹಾಲ ಇನ್ನಾ ಬಂದಿಲ್ರಿ ಸಾಹೇಬ್ರ. ಬರೂತನಕ ಕಾಲುವಿ ಕಡೆ ಹಂಗ ಅಡ್ಡಾಡಿ ಬರ್ರಿ. ಇಲ್ಲಿ ಕುಂತ ಏನ ಮಾಡ್ತೀರಿ?” ಎಂದ.

ಕೂತು ಏನು ಮಾಡುವುದೆಂಬುದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಹೊರಟೆ. ನನ್ನ ಆ ದಿನದ ನಿಸರ್ಗಪ್ರೇಮಕ್ಕೆ ಮೂಲ ಕಾರಣ ಹಾಲಿನ ಕ್ಯಾನು ತಡವಾದದ್ದು ಎಂಬುದನ್ನು ಓದುಗರು ಗಮನಿಸಬೇಕು.

ಊರು ಮುಗಿದಲ್ಲಿ ಎರೆಯ ಹೊಲಗಳು. ಎರಡೂ ಕಡೆ ಕಬ್ಬು ಆಳೆತ್ತರಕ್ಕೆ ನಿಂತಿತ್ತು. ಸೂಲಂಗಿ ಬಂದ ಕಬ್ಬಿನ ತುದಿಗಳು ಇನ್ನೂ ಬೆಳಕಾಗದ ಆಕಾಶದಲ್ಲಿ ಬೂದುಬಣ್ಣದ ಗರಿಗಳಂತೆ ಕಾಣುತ್ತಿದ್ದವು. ಕಾಲುವೆಯ ನೀರಿನ ಮೇಲೆ ಮಂಜು, ಅಂದರೆ ಮಂಜೆಂದು ಹೇಳಬಹುದಾದಷ್ಟು ತೆಳುವಾದ ಒಂದು ಹೊಗೆ. ಎಲ್ಲೋ ಬೆಲ್ಲದ ಗಾಣದಲ್ಲಿ ಒಲೆ ಹೊತ್ತಿಸಿರಬೇಕು. ಸುಟ್ಟ ರವದಿಯ ವಾಸನೆ, ಅದರ ಹಿಂದೆಯೇ ಕುದಿಯುವ ಕಬ್ಬಿನ ಹಾಲಿನ ವಾಸನೆ. ಟಿಟ್ಟಿಭವೊಂದು ನನ್ನನ್ನು ಕಂಡು ಇಡೀ ಸೀಮೆಗೆ ಕಳ್ಳ ಬಂದನೆಂದು ಕೂಗಿ ಹೇಳಿತು. ಅರಿಸಿನದ ಮಡಿಗಳಲ್ಲಿ ಎಲೆ ಹಳದಿಗೆ ತಿರುಗಿ ಬಾಗಿದ್ದವು. ಇದರಲ್ಲಿ ಯಾವುದೂ ಅಪರೂಪದ್ದಲ್ಲ. ಚಿತ್ರ ತೆಗೆದು ಕಳಿಸುವಂಥ ಒಂದು ನೋಟವೂ ಅಲ್ಲಿರಲಿಲ್ಲ. ಆದರೆ ಕಾಲುವೆಯ ಏರಿಯ ಮೇಲೆ ಅರ್ಧ ಮೈಲು ನಡೆಯುವಷ್ಟರಲ್ಲಿ ಆ ತಾಳೆಯಾಗದ ಅಂಕಿ ತಲೆಯಿಂದ ಯಾವಾಗ ಇಳಿದು ಹೋಯಿತೆಂಬುದು ನನಗೆ ತಿಳಿಯಲಿಲ್ಲ.

ಒಂದು ಹೊಲದ ಬದುವಿನ ಮೇಲೆ ತಲೆಗೆ ಟವೆಲು ಸುತ್ತಿಕೊಂಡ ಮುದುಕರೊಬ್ಬರು ಕೈಗಳನ್ನು ಹಿಂದೆ ಕಟ್ಟಿ ನಿಂತಿದ್ದರು. ಕುಡಗೋಲಿಲ್ಲ, ಸಲಿಕೆಯಿಲ್ಲ.

“ಯಾವೂರಾವ್ರೀ? ಯಾರನ್ನ ಹುಡುಕಾಕ ಹೊಂಟೀರಿ?” ಎಂದು ಕೇಳಿದರು.

“ಯಾರನ್ನೂ ಇಲ್ಲ ಅಜ್ಜಾರ. ಸುಮ್ನ ಬಂದೆ.”

“ನಾನೂ ಸುಮ್ನನ ಬಂದೀನ್ರಿ. ನಿನ್ನಿ ರಾತ್ರಿ ಕರೆಂಟ ಬಂದಿತ್ತು, ಹುಡುಗರು ನೀರ ಹಾಯಿಸಿ ಮುಗಿಸ್ಯಾರ. ಇವತ್ತ ಏನೂ ಕೆಲಸಿಲ್ಲ. ಆದ್ರ ಮುಂಜಾನೆ ಒಮ್ಮಿ ಹೊಲ ನೋಡಲಿಲ್ಲಂದ್ರ ಉಂಡದ್ದು ಮೈಗಿ ಹತ್ತಂಗಿಲ್ಲ.”

ಇಷ್ಟು ಹೇಳಿ ಅವರು ಮತ್ತೆ ಹೊಲದ ಕಡೆ ತಿರುಗಿದರು. ನಾನೂ ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ನಿಂತೆ. ಇಬ್ಬರೂ ಮಾತಾಡಲಿಲ್ಲ.

ಸುಮ್ಮನೆ! ನಮ್ಮ ಕನ್ನಡದ ಈ ಶಬ್ದವನ್ನು ನಾವು ದಿನಕ್ಕೆ ಎಷ್ಟು ಸಲ ಆಡುತ್ತೇವೋ. ಮಾತಿಲ್ಲದೆ ಇರುವುದೂ ಸುಮ್ಮನೆ, ಕಾರಣವಿಲ್ಲದೆ ಮಾಡುವುದೂ ಸುಮ್ಮನೆ. ‘ಸುಮ್ಮನೆ ಕೂಡು’ ಎಂದರೆ ಗದ್ದಲ ಮಾಡಬೇಡ ಎಂದರ್ಥ. ‘ಸುಮ್ಮನೆ ಬಂದೆ’ ಎಂದರೆ ನನಗೆ ಇಲ್ಲಿ ಏನೂ ಬೇಕಾಗಿಲ್ಲ ಎಂದರ್ಥ. ಬೇಡುವುದು ನಿಂತಾಗ ಒಳಗಿನ ಗದ್ದಲವೂ ನಿಲ್ಲುತ್ತದೆಂದು ಈ ಶಬ್ದವನ್ನು ಮೊದಲು ಬಳಸಿದವರಿಗೆ ಗೊತ್ತಿತ್ತೋ ಏನೋ. ಅಜ್ಜನವರ ಆ ಹೊಲದ ಭೇಟಿಯಿಂದ ಬೆಳೆ ಒಂದು ಗೇಣೂ ಹೆಚ್ಚಿಗೆ ಬೆಳೆಯುವುದಿಲ್ಲ. ಅದು ಅವರಿಗೂ ಗೊತ್ತು. ಆದರೂ ಬರುತ್ತಾರೆ. ನಮ್ಮ ರೈತರು ಕೆಲಸವಿದ್ದಾಗ ಮಾತ್ರ ಹೊಲಕ್ಕೆ ಹೋಗುತ್ತಾರೆಂದು ತಿಳಿದವರು ರೈತರನ್ನು ಹತ್ತಿರದಿಂದ ಕಂಡವರಲ್ಲ. ‘ಹೊಲ ನೋಡಿ ಬರುತ್ತೇನೆ’ ಎಂಬ ಮಾತಿನಲ್ಲಿ ನೋಡುವುದಷ್ಟೇ ಇದೆ.

ನಾನು ಮರಳಿ ಬಂದಾಗ ಹಾಲು ಬಂದಿತ್ತು, ಚಹಾ ಆಗಿತ್ತು, ಒಂಬತ್ತಕ್ಕೆ ಕೆಲಸ ಹತ್ತಿತು.

ಹನ್ನೊಂದರ ಸುಮಾರಿಗೆ ಸಂಘದ ಕಚೇರಿಗೆ ಒಬ್ಬ ಹೆಣ್ಣುಮಗಳು ಬಂದಳು. ಅರವತ್ತರ ಆಚೆಯ ವಯಸ್ಸು. ಸಾಲದ ಕಂತೊಂದನ್ನು ಕಟ್ಟಿದ್ದರೂ ಬಾಕಿ ತೋರಿಸುತ್ತಿದ್ದಾರೆ, ಬಡ್ಡಿ ಏರಹತ್ತಿದೆ ಎಂಬುದು ಅವಳ ತಕರಾರು. ಆ ಮಾತನ್ನು ಹೇಳಲು ಮೂರನೆಯ ಸಲ ಬಂದಿದ್ದಳಂತೆ. ಗುಮಾಸ್ತರು, “ಆಡಿಟ್ ನಡದೈತಬೇ, ಮುಂದಿನ ವಾರ ಬಾ” ಎಂದರು. ಅವಳು ಪ್ಲಾಸ್ಟಿಕ್ ಚೀಲದೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಪಾವತಿಯನ್ನು ತೆಗೆದು ಹಿಡಿದು, ಯಾರಿಗೆ ಕೊಡಬೇಕೆಂದು ತಿಳಿಯದೆ ನಿಂತಳು. “ಇಲ್ಲಿ ತಾರವ್ವ” ಎಂದೆ. ಅದರ ತಾರೀಖು ಹಿಡಿದು ಹುಡುಕುತ್ತ ಹೋದಾಗ ಮುಕ್ಕಾಲು ಗಂಟೆಯ ಮೇಲೆ ಸಿಕ್ಕಿತು. ಅದೇ ಹೆಸರಿನ ಇನ್ನೊಬ್ಬ ಸದಸ್ಯೆ ಇದ್ದಳು. ಗಂಡನ ಹೆಸರು ಮಾತ್ರ ಬೇರೆ. ಇವಳು ಕಟ್ಟಿದ 6,500 ರೂಪಾಯಿ ಅವಳ ಖಾತೆಗೆ ಜಮೆಯಾಗಿತ್ತು. ಹಿಂದಿನ ರಾತ್ರಿ ನನ್ನನ್ನು ಕಾಡಿದ ವ್ಯತ್ಯಾಸಕ್ಕೂ ಇದಕ್ಕೂ ಸಂಬಂಧವಿರಲಿಲ್ಲ. ಅದು ಬೇರೆಯೇ ಕಥೆ, ಸಂಜೆ ಬಗೆಹರಿಯಿತು.

ಇಲ್ಲಿ ನಾನು ಎಚ್ಚರಿಕೆಯಿಂದ ಮಾತಾಡಬೇಕು. ಕಾಲುವೆಯ ದಂಡೆಯ ಗಾಳಿ ಕುಡಿದು ನಾನು ದಯಾಳುವಾದೆ, ಅದರಿಂದ ಒಬ್ಬ ಮುದುಕಿಗೆ ನ್ಯಾಯ ಸಿಕ್ಕಿತು ಎಂದು ಬರೆದರೆ ಅದೊಂದು ಪಠ್ಯಪುಸ್ತಕದ ಪಾಠವಾದೀತು. ತಪ್ಪು ಹುಡುಕುವುದು ನನ್ನ ಸಂಬಳದ ಕೆಲಸ. ಅವಳು ಬಾರದಿದ್ದರೂ ಆ ತಪ್ಪು ಇಂದಲ್ಲ ನಾಳೆ ಸಿಕ್ಕೇ ಸಿಗುತ್ತಿತ್ತು. ನಡಿಗೆ ಸದ್ಗುಣವನ್ನು ಕಲಿಸುತ್ತದೆಂದೂ ನಾನು ನಂಬುವುದಿಲ್ಲ. ದಿನವೂ ತಪ್ಪದೆ ತಿರುಗಾಡಿ ಬಂದು ಆಳುಗಳ ಮೇಲೆ ಹರಿಹಾಯುವ ಮಹನೀಯರನ್ನು ನಾನು ಬಲ್ಲೆ. ಆದರೆ ಒಂದು ಮಾತು ನಿಜ. ಆ ಮುಕ್ಕಾಲು ಗಂಟೆ ನನಗೆ ಭಾರವಾಗಲಿಲ್ಲ. ಬೇರೆ ದಿನಗಳಲ್ಲಿ ನಾನು ದಿನದ ಮುಂದೆ ಸಾಲಗಾರನ ಮನೆಯ ಮುಂದೆ ಕೂತ ಸಾಹುಕಾರನಂತೆ ಕೂತಿರುತ್ತೇನೆ: ಇಷ್ಟು ಪುಟ ಮುಗಿಯಬೇಕು, ಇಷ್ಟು ಗೌರವ ಸಿಗಬೇಕು, ಇಷ್ಟು ಹೊತ್ತಿಗೆ ಬಸ್ಸು ಹಿಡಿಯಬೇಕು. ಅಂಥ ಹೊತ್ತಿನಲ್ಲಿ ನಡುವೆ ಬಂದವರೆಲ್ಲ ವಸೂಲಿಗೆ ಅಡ್ಡ ಬಂದವರಂತೆ ಕಾಣುವುದು ಸಹಜ. ಆ ದಿನ ಮಾತ್ರ ನನಗೆ ಬರಬೇಕಾದ್ದು ಆರೂವರೆಗೇ ಬಂದು ಮುಟ್ಟಿತ್ತು. ಉಳಿದ ದಿನದಿಂದ ನಾನು ವಸೂಲು ಮಾಡಬೇಕಾದ್ದು ಏನೂ ಇರಲಿಲ್ಲ. ಮುಂಜಾನೆಯ ನಡಿಗೆ ದಿನವನ್ನು ಹಗುರ ಮಾಡುವುದು ಹೀಗೆ ಎಂದು ನನಗೆ ತೋರುತ್ತದೆ. ಕೆಲಸ ಮೊದಲಿದ್ದಷ್ಟೇ ಇರುತ್ತದೆ. ಕೆಲಸದ ಮೇಲೆ ನಾವು ಹೊರಿಸುವ ನಮ್ಮ ಬಾಕಿ ಮಾತ್ರ ಇಳಿದಿರುತ್ತದೆ.

ಹಾಗಾದರೆ ದಿನವೂ ನಡೆದುಬಿಡಬಹುದಲ್ಲ ಎಂದು ನೀವು ಕೇಳುತ್ತೀರಿ. ಹುಕ್ಕೇರಿಗೆ ಹೋದ ಮೇಲೆ ನಾನು ನೋಡಿದ್ದು ಅದನ್ನೇ. ಗಡಿಯಾರಕ್ಕೆ ಐದರ ಅಲಾರಮು ಇಟ್ಟು, ಮಫ್ಲರು ಸುತ್ತಿಕೊಂಡು, ಆದಿಲಶಾಹಿ ಕಾಲದ ಗುಮ್ಮಟಗಳ ಕಡೆಗೆ ಹೊರಟೆ. ಒಂದು ಕಾಲಕ್ಕೆ ಈ ಊರಿನ ಗುಲಾಬಿಗಳು ವಿಜಾಪುರದ ಅರಮನೆಗೆ ಹೋಗುತ್ತಿದ್ದುವೆಂದೂ, ಹೂವಿನಕೇರಿಯೇ ಹುಕ್ಕೇರಿಯಾಯಿತೆಂದೂ ಜನ ಹೇಳುತ್ತಾರೆ. ಗುಮ್ಮಟದ ಹಿಂದೆ ಸೂರ್ಯ ಹುಟ್ಟಿದ. ಕಲ್ಲಿನ ಬಣ್ಣ ಬದಲಾಯಿತು. ಪಾರಿವಾಳಗಳು ಹಾರಿದವು. ಸೌಂದರ್ಯಕ್ಕೆ ಏನೂ ಕೊರತೆಯಿರಲಿಲ್ಲ. ಮೂಡಲಗಿಯ ಕಾಲುವೆಗಿಂತ ಅದು ನೂರು ಪಾಲು ಸುಂದರ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುತ್ತೇನೆ. ಆದರೆ ನಾನು ಬಂದದ್ದು ಉಲ್ಲಾಸವನ್ನು ಪಡೆಯುವ ಸಲುವಾಗಿ. ಬಂತೇ, ಇನ್ನೂ ಬರಲಿಲ್ಲವೇ ಎಂದು ಒಳಗೊಬ್ಬ ಗುಮಾಸ್ತ ಕೂತು ಬರೆದುಕೊಳ್ಳುತ್ತಿದ್ದ. ಏಳಕ್ಕೆ ಮರಳಿದೆ. ಕಾಲಿಗೆ ವ್ಯಾಯಾಮವಾಗಿತ್ತು.

ಈ ವಿಷಯದಲ್ಲಿ ವಿಜ್ಞಾನಿಗಳು ಕೈಕಟ್ಟಿ ಕೂತಿಲ್ಲ. ಅಮೇರಿಕದ ಮಿಶಿಗನ್ ವಿಶ್ವವಿದ್ಯಾನಿಲಯದ ಬರ್ಮನ್, ಜೋನೈಡ್ಸ್, ಕಪ್ಲಾನ್ ಎಂಬ ಮೂವರು 2008ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ಕೆಲವರನ್ನು ಗಿಡಮರಗಳ ತೋಟದಲ್ಲಿಯೂ ಗದ್ದಲದ ಪೇಟೆಯ ಬೀದಿಯಲ್ಲಿಯೂ ಬೇರೆ ಬೇರೆ ದಿನ ಸುಮಾರು ಒಂದು ಗಂಟೆ ನಡೆಸಿ, ಅಂಕಿಗಳನ್ನು ಹಿಂದುಮುಂದಾಗಿ ಹೇಳುವ ಪರೀಕ್ಷೆ ಮಾಡಿದರು. ತೋಟದಲ್ಲಿ ನಡೆದು ಬಂದಾಗ ನೆನಪು ಹೆಚ್ಚು ಚುರುಕಾಗಿತ್ತು. ನನಗೆ ಇದಕ್ಕಿಂತ ಸ್ವಾರಸ್ಯವೆನಿಸಿದ್ದು ಇನ್ನೊಂದು ಸಂಗತಿ. ಕೊರೆಯುವ ಚಳಿಗಾಲದಲ್ಲಿ ನಡೆದವರಿಗೆ ಆ ನಡಿಗೆ ಅಷ್ಟೇನೂ ಹಿತವಾಗಲಿಲ್ಲ. ಆದರೂ ಲಾಭ ಮಾತ್ರ ಆಯಿತು! ಎಂದರೆ, ನಡಿಗೆಯ ಲಾಭವೇ ಬೇರೆ, ನಡಿಗೆಯ ಸಂತೋಷವೇ ಬೇರೆ. ಲಾಭವನ್ನು ಅಲಾರಮು ಇಟ್ಟೂ ಪಡೆಯಬಹುದು. ಹುಕ್ಕೇರಿಯಲ್ಲಿ ನನಗೆ ಅದು ಸಿಕ್ಕಿರಲೂಬಹುದು. ಆ ದಿನ ಅಂಕಿಗಳನ್ನು ಹಿಂದುಮುಂದಾಗಿ ಹೇಳೆಂದು ಯಾರೂ ಕೇಳಲಿಲ್ಲ.

ಈಗಿನವರು ಮಣಿಕಟ್ಟಿಗೆ ಕಟ್ಟಿಕೊಂಡು ಹೆಜ್ಜೆ ಎಣಿಸುವ ಯಂತ್ರವಂತೂ ಲಾಭದ ಲೆಕ್ಕವನ್ನು ಇನ್ನೂ ಸುಲಭ ಮಾಡಿದೆ. ದಿನಕ್ಕೆ 10,000 ಹೆಜ್ಜೆ ಎಂಬ ಸಂಖ್ಯೆ ಯಾವ ಋಷಿಯೋ ವೈದ್ಯನೋ ಕಂಡುಹಿಡಿದದ್ದೆಂದು ನಾನು ಬಹುದಿನ ತಿಳಿದಿದ್ದೆ. ಅದು 1965ರಲ್ಲಿ ಜಪಾನದ ಒಂದು ಕಂಪನಿ ಮಾರಾಟಕ್ಕೆ ತಂದ ಹೆಜ್ಜೆ ಎಣಿಸುವ ಯಂತ್ರದ ಹೆಸರಂತೆ: ‘ಹತ್ತು ಸಾವಿರ ಹೆಜ್ಜೆಯ ಮಾಪಕ’! ಸರಕಿನ ಹೆಸರು ಮನುಷ್ಯನ ಕರ್ತವ್ಯವಾಯಿತು.

ಇಷ್ಟರಿಂದ ನಿಯಮಕ್ಕೂ ಆನಂದಕ್ಕೂ ಹಗೆತನ ಎಂದು ತೀರ್ಮಾನಿಸಿಬಿಟ್ಟರೆ ಅದೂ ಅವಸರವೇ. ಜರ್ಮನಿಯ ತತ್ವಜ್ಞಾನಿ ಕ್ಯಾಂಟನು ತಿರುಗಾಡಲು ಹೊರಟದ್ದನ್ನು ನೋಡಿ ಊರಿನವರು ಗಡಿಯಾರ ಸರಿಪಡಿಸಿಕೊಳ್ಳುತ್ತಿದ್ದರೆಂಬ ಕಥೆ ಎಲ್ಲರಿಗೂ ಗೊತ್ತು. ಕುವೆಂಪು ಅವರು ಮೈಸೂರಿನ ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಅದೆಷ್ಟು ವರ್ಷ ತಿರುಗಾಡಿದರು! ಮೂಡಲಗಿಯ ಅಜ್ಜನವರೂ ದಿನಾಲು ಅದೇ ಹೊತ್ತಿಗೆ ಅದೇ ಬದುವಿಗೆ ಬರುವವರೇ. ಹೊತ್ತು ಗೊತ್ತಿರಬಹುದು, ದಾರಿ ಗೊತ್ತಿರಬಹುದು. ಅಲ್ಲಿ ಏನು ಸಿಗಬೇಕೆಂಬುದು ಮಾತ್ರ ಮುಂಚೆಯೇ ಬರೆದಿಟ್ಟಿರಬಾರದು. ಆಕಸ್ಮಿಕವು ಗಡಿಯಾರದಲ್ಲಿರುವುದಿಲ್ಲ ಎಂದು ಕಾಣುತ್ತದೆ. ನನ್ನಂಥ ಲೆಕ್ಕದ ಮನುಷ್ಯನಿಗೆ ಬರೆದಿಡದೆ ಇರುವುದು ಬಲು ಕಷ್ಟವಾದ್ದರಿಂದ, ಹಾಲು ತಡವಾಗುವುದೇ ಸುಲಭದ ಉಪಾಯ.

ಇನ್ನು ಆ ಮುಜುಗರದ ಪ್ರಶ್ನೆ. ಅದನ್ನು ಎತ್ತಿದವರು ಆ ವಾರ ನನ್ನ ಜೊತೆಗಿದ್ದ ಸಹೋದ್ಯೋಗಿಗಳು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ಮಾತಿನಲ್ಲಿ ಹರಿತ. ಗೋಕಾಕದ ಕಡೆಗೆ ಮರಳುವಾಗ ನಾನು ಕಾಲುವೆಯ ಮುಂಜಾನೆಯನ್ನು ವರ್ಣಿಸಿದ್ದನ್ನು ಕೇಳಿ ಅವರು, “ಸರ್, ನಿಸರ್ಗಾನಂದ ಎಂಬುದು ಹೊಟ್ಟೆ ತುಂಬಿದವರ ಚಟ. ಆ ಕಬ್ಬಿನ ಹೊಲದಲ್ಲಿ ಕಡಿಯುವ ಟೋಳಿಯವರನ್ನು ಕೇಳಿ, ಮುಂಜಾವು ಹೇಗಿತ್ತೆಂದು” ಎಂದರು.

ನಾನು ಆ ಟೋಳಿಯನ್ನು ಕಂಡಿದ್ದೆ. ಕಾಲುವೆಯಿಂದ ಮರಳುವಾಗ ಅವರು ಆಗಲೇ ಅರ್ಧ ಹೊಲ ಮುಗಿಸಿದ್ದರು. ಹಂಗಾಮಿನಲ್ಲಿ ಬೀಡ ಜಿಲ್ಲೆಯ ಕಡೆಯಿಂದಲೂ ನಮ್ಮ ವಿಜಯಪುರದ ಕಡೆಯಿಂದಲೂ ಗಂಡಹೆಂಡಿರು ಜೋಡಿಯಾಗಿ ಬಂದು, ಹೊಲದ ಬದಿಗೆ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುತ್ತಾರೆ. ಮುಂಗಡ ಹಣ ತೆಗೆದುಕೊಂಡು ಬಂದಿರುತ್ತಾರೆ. ಕಡಿದ ಕಬ್ಬಿನ ಟನ್ನಿನ ಲೆಕ್ಕದಲ್ಲಿ ಅದು ತೀರಬೇಕು. ಎಂದರೆ ಒಂದು ಗಂಟೆ ಸುಮ್ಮನೆ ನಿಂತರೆ ಆ ಗಂಟೆಗೂ ಒಂದು ಬೆಲೆ ಇದೆ, ಅದನ್ನು ಅವರೇ ತೆರಬೇಕು. ಕೂಸನ್ನು ಸೀರೆಯ ಜೋಳಿಗೆಯಲ್ಲಿ ಹಾಕಿ ಟ್ರಾಕ್ಟರಿನ ಟ್ರೇಲರಿಗೆ ಕಟ್ಟಿ ತೂಗುಬಿಟ್ಟಿದ್ದರು. ಅದು ಮಾತ್ರ ಕಣ್ಣು ಬಿಟ್ಟು ಆಕಾಶವನ್ನು ನೋಡುತ್ತಿತ್ತು.

ಸಹೋದ್ಯೋಗಿಗಳ ಮಾತಿನಲ್ಲಿ ಅರ್ಧ ಸತ್ಯವಿದೆ. ಆ ಅರ್ಧವನ್ನು ನುಂಗಲು ನನಗೆ ಸುಲಭವಾಗಲಿಲ್ಲ. ನಾನು ಸುಮ್ಮನೆ ನಡೆಯಬಲ್ಲೆ, ಏಕೆಂದರೆ ನನ್ನ ಸಂಬಳ ತಿಂಗಳಿಗೆ ಬರುತ್ತದೆ, ಟನ್ನಿಗಲ್ಲ. ಕಬ್ಬು ಕಡಿಯುವವಳಿಗೆ ಮಂಜನ್ನು ನೋಡುವ ಕಣ್ಣಿಲ್ಲವೆಂದಲ್ಲ. ನಮ್ಮ ಹಂತಿಯ ಪದಗಳನ್ನೂ ಬೀಸುವ ಕಲ್ಲಿನ ಪದಗಳನ್ನೂ ಕಟ್ಟಿದವರು ಅಂಥ ಜನರೇ. ಪಾರಿಜಾತದ ಆಟವನ್ನು ಕಟ್ಟಿದ ಕುಲಗೋಡ ತಮ್ಮಣ್ಣ ಇದೇ ಸೀಮೆಯವನು. ಅವನ ಪದಗಳನ್ನು ರಾತ್ರಿಯಿಡೀ ಕೂತು ಕೇಳಿ ಬೆಳಗಿಗೆ ಹೊಲಕ್ಕೆ ಹೋದವರು ದುಡಿಯುವವರೇ. ಅವಳಿಗಿಲ್ಲದ್ದು ಒಂದು ಗಂಟೆ. ಹಾಗಿರುವಾಗ ಸಹೋದ್ಯೋಗಿಗಳ ಮಾತಿನ ಇನ್ನರ್ಧವನ್ನು ನಾನು ಒಪ್ಪಲಾರೆ. ಒಂದು ವಸ್ತು ಕೆಲವರಿಗೆ ಮಾತ್ರ ಸಿಗುತ್ತದೆ ಎಂಬುದರಿಂದ ಅದು ಚಟವಾಗುವುದಿಲ್ಲ. ಅನ್ನವೂ ಒಂದು ಕಾಲಕ್ಕೆ ಹಾಗೆಯೇ ಇತ್ತು. 1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆಗಿಂತ ಹೆಚ್ಚು ದುಡಿಸಬಾರದೆಂದು ಮಿತಿ ಹಾಕಿತು. ಗಿರಣಿಯ ಕೂಲಿಗಾರನಿಗೆ ಅದರಿಂದ ಒಂದಿಷ್ಟು ಬಿಡುವು ಬಂತು; ಟನ್ನಿನ ಲೆಕ್ಕದ ಕೂಲಿಗಾರಳ ಹೊಲಕ್ಕೆ ಅಂಥ ಗಡಿಯಾರ ಬರಲಿಲ್ಲ. ನಾನು ನಡೆಯುವುದನ್ನು ಬಿಟ್ಟರೆ ಅವಳಿಗೆ ಆ ಗಂಟೆ ಸಿಗುವುದಿಲ್ಲ. ಆದರೆ ನಡೆದು ಅದರ ರುಚಿ ಕಂಡವನು, ಅವಳಿಗೆ ಬೇಕಾದ್ದು ಕೂಲಿಯ ಹೆಚ್ಚಳ ಮಾತ್ರ ಎಂದು ಹೇಳಿ ಕೈತೊಳೆದುಕೊಳ್ಳುವಂತಿಲ್ಲ. ಅವಳ ದಿನದಲ್ಲಿ ಯಾರಿಗೂ ಲೆಕ್ಕ ಕೊಡಬೇಕಾಗದ ಒಂದು ಗಂಟೆ ಇರಬೇಕು ಎಂದೂ ಕೇಳಬೇಕಾಗುತ್ತದೆ. ಯಾರನ್ನು ಕೇಳಬೇಕು, ಹೇಗೆ ಕೇಳಬೇಕು ಎಂದರೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಅವಳು ಒಂದು ಗಂಟೆ ಸಿಕ್ಕರೆ ಮಲಗಿ ನಿದ್ದೆ ಮಾಡುತ್ತಾಳೆಂದು ಸಹೋದ್ಯೋಗಿಗಳು ಅಂದರು. ಮಾಡಲಿ. ಅದು ಅವಳ ಗಂಟೆ.

ನಿಸರ್ಗದ ವಿಷಯಕ್ಕೂ ಒಂದು ಮಾತು ಹೇಳಬೇಕು. ಅದು ನಮ್ಮನ್ನು ತಾಯಿಯಂತೆ ಸಂತೈಸುತ್ತದೆಂದು ಬರೆಯುವುದು ನಮ್ಮಲ್ಲಿ ರೂಢಿ. 2019ರ ಆಗಸ್ಟಿನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದ ಓಣಿಗಳೊಳಗೆ ನುಗ್ಗಿ ಬಂದಾಗ, ಲೋಳಸೂರಿನ ಸೇತುವೆ ನೀರಿನಡಿ ಹೋದಾಗ, ಮನೆ ಕಳೆದುಕೊಂಡವರಿಗೆ ಈ ಮಾತನ್ನು ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ. ಅದೇ ನದಿ ಡಿಸೆಂಬರಿನಲ್ಲಿ ಬೆಕ್ಕಿನ ಮರಿಯಂತೆ ಮಲಗಿರುತ್ತದೆ. ಗೋಕಾಕದ ಜಲಪಾತವನ್ನು ಮಳೆಗಾಲದಲ್ಲಿ ಕಂಡವರು ಚಳಿಗಾಲದಲ್ಲಿ ಕಂಡರೆ ಗುರುತೇ ಹಿಡಿಯಲಾರರು. 52 ಮೀಟರು ಎತ್ತರದ ಕುದುರೆಲಾಳದ ಬಂಡೆ ಬೋಳಾಗಿ ನಿಂತು, ಅಲ್ಲಲ್ಲಿ ಒಂದೆರಡು ಬಿಳಿಯ ಎಳೆಗಳು ಇಳಿಯುತ್ತಿರುತ್ತವೆ. 1885ರಲ್ಲಿ ಕಂಪನಿ ಸ್ಥಾಪನೆಯಾಗಿ ನೀರಿನ ಬಲದಿಂದ ನೂಲಿನ ಗಿರಣಿ ತಿರುಗಹತ್ತಿದಂದಿನಿಂದ ಆ ನೀರಿಗೂ ಉದ್ಯೋಗ ಸಿಕ್ಕಿತು. ಕೆಳಗೆ ಧುಮುಕುವ ನೀರಿನಲ್ಲಿ ಒಂದು ಪಾಲು ಕೊಳವೆಯೊಳಗೆ ಹೋಗಿ ದುಡಿಯುತ್ತದೆ, ಉಳಿದದ್ದು ಹಾಗೆಯೇ ಧುಮುಕುತ್ತದೆ. ನೋಡಲು ಜನ ಬರುವುದು ಎರಡನೆಯದನ್ನು.

ನಿಸರ್ಗ ನಮ್ಮನ್ನು ಪ್ರೀತಿಸುವುದರಿಂದ ಅಲ್ಲಿ ನೆಮ್ಮದಿ ಸಿಗುತ್ತದೆಂದು ನನಗನಿಸುವುದಿಲ್ಲ. ಅದಕ್ಕೆ ನಮ್ಮ ಗೊಡವೆಯೇ ಇಲ್ಲ. ಟಿಟ್ಟಿಭಕ್ಕೆ ನನ್ನ ಹುದ್ದೆ ಗೊತ್ತಿಲ್ಲ. ಸೂಲಂಗಿಗೆ ನನ್ನ ವರದಿ ಯಾವಾಗ ಮುಗಿಯುತ್ತದೆಂಬ ಚಿಂತೆಯಿಲ್ಲ. ಕಚೇರಿಯಲ್ಲಿ, ಮನೆಯಲ್ಲಿ, ಬಸ್ಸಿನಲ್ಲಿ ಕೂಡ, ಕಂಡ ಮುಖಗಳೆಲ್ಲ ನಮ್ಮಿಂದ ಏನೋ ಕೇಳುತ್ತವೆ. ಕೇಳುವುದು ಅವರ ಹಕ್ಕು, ಕೊಡುವುದು ನಮ್ಮ ಧರ್ಮ, ಅದರಲ್ಲಿ ದೂರೇನಿಲ್ಲ. ಆದರೆ ಯಾರೂ ಏನೂ ಕೇಳದ ಜಾಗದಲ್ಲಿ ಅರ್ಧ ಗಂಟೆ ನಿಂತು ಬಂದವನಿಗೆ, ಕೇಳುವವರ ಮುಖ ಆಮೇಲೆ ಸ್ವಲ್ಪ ಬೇರೆಯಾಗಿ ಕಾಣುತ್ತದೆ.

ನನ್ನ ಆ ಸಹೋದ್ಯೋಗಿಗಳಿಗೂ ನನಗೂ ಈ ವಾದ ಮುಗಿಯಲಿಲ್ಲ. ಜನವರಿಯಲ್ಲಿ ಉಳಿದ ಕೆಲಸ ಮುಗಿಸಲು ಗೋಕಾಕದಿಂದ ಹುಕ್ಕೇರಿಗೆ ಬೆಳಿಗ್ಗೆ ಹೊರಟಿದ್ದೆವು. ಧೂಪದಾಳದ ಹತ್ತಿರ ಜೀಪಿನ ಟೈರು ಪಂಕ್ಚರಾಯಿತು. ಅಲ್ಲಿ ಘಟಪ್ರಭೆಗೆ ಅಡ್ಡಲಾಗಿ 1897ರಲ್ಲಿ ಕಟ್ಟಿ ಮುಗಿಸಿದ ಒಡ್ಡು ಇದೆ. ಕಟ್ಟಿದವರ ಕಣ್ಣಿದ್ದದ್ದು ಕಾಲುವೆಯ ಮೇಲೆ, ಬರದ ಸೀಮೆಯ ಹೊಲಗಳ ಮೇಲೆ. ಹಕ್ಕಿಗಳನ್ನು ಯಾರೂ ಕರೆದಿರಲಿಲ್ಲ. ಅವು ತಾವಾಗಿಯೇ ಬಂದವು. ಚಳಿಗಾಲದಲ್ಲಿ ಸಾವಿರಾರು ಮೈಲು ದಾಟಿ, ಡೆಮಾಯ್ಸೆಲ್ ಕ್ರೇನ್ ಎಂಬ ಬೂದುಬಣ್ಣದ ಉದ್ದ ಕಾಲಿನ ಹಕ್ಕಿಗಳು, ಯುರೋಪದ ಬಿಳಿಯ ಕೊಕ್ಕರೆಗಳು. 1974ರಲ್ಲಿ ಸರಕಾರ ಅದನ್ನು ಪಕ್ಷಿಧಾಮವೆಂದು ಸಾರಿತು. ಹಕ್ಕಿಗಳಿಗೆ ಆ ಸುದ್ದಿ ತಿಳಿದಂತಿಲ್ಲ, ಮೊದಲಿನಂತೆಯೇ ಬರುತ್ತವೆ.

ಚಾಲಕ ಟೈರು ಬಿಚ್ಚತೊಡಗಿದ. ಸಹೋದ್ಯೋಗಿಗಳು ಮೊದಲು ಗಡಿಯಾರ ನೋಡಿದರು, ಆಮೇಲೆ ಫೋನು ನೋಡಿದರು, ಆಮೇಲೆ ಎರಡನ್ನೂ ಬಿಟ್ಟು ನೀರಿನ ಕಡೆಗೆ ಇಳಿದು ಹೋದರು. ಟೈರು ಹಾಕಿಯಾಯಿತು. ಚಾಲಕ ಹಾರ್ನು ಬಾರಿಸಿದ. ನೀರಿನಂಚಿನಲ್ಲಿ, ಬಹಳ ದೂರದಲ್ಲಿ, ಬೂಟುಗಳನ್ನು ಕೈಯಲ್ಲಿ ಹಿಡಿದುಕೊಂಡು ನಡೆಯುತ್ತಿದ್ದ ಅವರು ತಿರುಗಿಯೂ ನೋಡಲಿಲ್ಲ. “ಇನ್ನೊಮ್ಮಿ ಬಾರಿಸ್ಲೇನ್ರಿ?” ಎಂದು ಚಾಲಕ ನನ್ನನ್ನು ಕೇಳಿದ. “ಬ್ಯಾಡ, ಇರ್ಲಿ ಬಿಡು” ಎಂದೆ.

ಹುಕ್ಕೇರಿಯನ್ನು ನಾವು ನಲವತ್ತು ನಿಮಿಷ ತಡವಾಗಿ ಮುಟ್ಟಿದೆವು. ಹಾಜರಿ ಪುಸ್ತಕದಲ್ಲಿ ತಡವಾದುದಕ್ಕೆ ಕಾರಣ ಬರೆಯುವ ಕಲಮಿನಲ್ಲಿ ಅವರು ಒಂದು ಕ್ಷಣ ಪೆನ್ನು ಹಿಡಿದು ಯೋಚಿಸಿ, ‘ಪಂಕ್ಚರು’ ಎಂದು ಬರೆದರು.